ತೊಳೆದ ತೊಟ್ಟಿ

ನನ್ನ ಗಂಡನ ಮಣ್ಣಾದ ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದೆ. ತೊಟ್ಟಿಯಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸತ್ತ ಮೀನಿಗಿಂತ ಮೊದಲು ನನ್ನನ್ನು ಬೆಚ್ಚಿಸಿದ್ದು ಆ ನೀರು. ತಳದ ಸಿಮೆಂಟು ಕಾಣುವಷ್ಟು ತಿಳಿಯಾಗಿತ್ತು. ಐದು ವರ್ಷದಿಂದ ನಮ್ಮ ತೊಟ್ಟಿಯ ತಳವನ್ನು ಯಾರೂ ಕಂಡಿರಲಿಲ್ಲ.

ನಮ್ಮದು ರಾಯಚೂರಿನ ಕಡೆ. ಕೆ.ಆರ್. ಪುರದ ರೈಲು ನಿಲ್ದಾಣದ ಆಚೆ ಬಾಡಿಗೆಗಿದ್ದೆವು. ಅವರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅದು ಮುಚ್ಚಿದ ಮೇಲೆ ಹೊಸಕೋಟೆ ಕಡೆ ಮೀನು ಸಾಕುವವರೊಬ್ಬರ ತೋಟಕ್ಕೆ ಪೈಪು ಜೋಡಿಸಲು ಹೋದವರು ಒಂದು ಬಾಟಲಿ ಹಸಿರು ನೀರು ಹಿಡಿದುಕೊಂಡು ಬಂದರು. ಪಾಚಿ ತಂದು ಏನು ಮಾಡುತ್ತೀರಿ ಎಂದು ನಾನು ಮೂಗು ಮುಚ್ಚಿಕೊಂಡೆ.

ಮಾಲೀಕರನ್ನು ಒಪ್ಪಿಸಿ ಹಿತ್ತಿಲಲ್ಲಿ ಎರಡು ತೊಟ್ಟಿ ಕಟ್ಟಿದರು. ಒಂದರಲ್ಲಿ ಜಿಲೇಬಿ ಮೀನು, ಇನ್ನೊಂದರಲ್ಲಿ ಪಾಚಿ. ಮೀನಿನ ಹೊಲಸೆಲ್ಲ ಪಾಚಿಗೆ ಊಟ. ಪಾಚಿ ಹೊಲಸು ತಿಂದು ಬಿಟ್ಟ ಹಸಿರು ನೀರು ಮತ್ತೆ ಮೀನಿಗೆ. ಹಳೆಯ ಪಂಚೆಯಲ್ಲಿ ಪಾಚಿ ಸೋಸಿ, ನೆರಳಲ್ಲಿ ಒಣಗಿಸಿ ಪುಡಿ ಮಾಡುವುದು ನನ್ನ ಪಾಲಿನ ಕೆಲಸ. ಅರೆದ ಮೀನಿಗೆ ಆ ಪುಡಿ, ಹಸಿಮೆಣಸಿನಕಾಯಿ ಸೇರಿಸಿ ವಡೆ ತಟ್ಟುತ್ತಿದ್ದೆ. ನಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ಬಿಡುವಂತಿರಲಿಲ್ಲ. ಅದರಲ್ಲಿ ಔಷಧಿ ಇರುತ್ತದೆಂದು ಎರಡು ದಿನ ಬಿಸಿಲಿಗಿಟ್ಟು ಹಾಕುತ್ತಿದ್ದರು. ಊರಿಗೆ ಹೋದರೂ ಪಾಚಿ ಕಲಕುವ ನೆಪ ಹೇಳಿ ಮರುದಿನವೇ ಹೊರಟು ಬರುತ್ತಿದ್ದರು.

ಶಿವಾಜಿನಗರದ ಹೋಟೆಲಿನ ಸಾಹೇಬರೊಬ್ಬರು ನನ್ನ ಗಂಡ ಒಯ್ದುಕೊಟ್ಟ ವಡೆ ತಿಂದು ನಕ್ಕರಂತೆ. "ಕೆ.ಆರ್. ಪುರಕ್ಕೆ ಸಮುದ್ರ ಯಾವಾಗ ಬಂತು ಭಾಯ್?" ಎಂದು ಕೇಳಿ, ವಾರಕ್ಕೊಂದು ಸಲ ತರಲು ಹೇಳಿದರಂತೆ. ಗಂಡ ಮನೆಗೆ ಬಂದವರೇ ಈ ಸುದ್ದಿಯನ್ನು ಮೊದಲು ಹೇಳಿದ್ದು ತೊಟ್ಟಿಗೆ, ಆಮೇಲೆ ನನಗೆ. ಎರಡನೇ ವಾರ ವಡೆಯ ಡಬ್ಬಿ ಹಿಡಿದು ಹೊರಟವರು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಕುಸಿದರು. ಮತ್ತೆ ಏಳಲಿಲ್ಲ. ಡಬ್ಬಿಯ ಮುಚ್ಚಳ ಕೂಡ ತೆರೆದಿರಲಿಲ್ಲ.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು. ಹೆಣ ಹೊರಗೆ ಹೋದ ಮೇಲೆ ಕೊಡ, ಹಂಡೆ ಎಲ್ಲವನ್ನೂ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬಬೇಕು. ಊರಿಂದ ಬಂದಿದ್ದ ಅವರ ಅಕ್ಕ ನನ್ನ ಮುಂದೆ ಕೂತು ಕೇಳಿದ್ದರು.

"ಹಿತ್ತಲಾಗಿನ ತೊಟ್ಟೀನೂ ತೊಳಿಯೋದೇನು ತಂಗೀ?"

ನಾನು ಹೂಂ ಅಂದೆ. ಕೇಳಿಸಿತ್ತು, ಅರ್ಥವೂ ಆಗಿತ್ತು. ಆದರೂ ಹೂಂ ಅಂದೆ. ಯಾಕೆ ಅಂದೆ ಎಂದು ಇವತ್ತಿಗೂ ಗೊತ್ತಿಲ್ಲ. ಆ ದಿನ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆನೇನೋ.

ಅಕ್ಕ ಮೀನುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಿಡಿದಿಟ್ಟರು. ಎರಡೂ ತೊಟ್ಟಿಗಳನ್ನು ಬ್ಲೀಚಿಂಗ್ ಪುಡಿ ಹಾಕಿ, ಕೈ ಸುಲಿಯುವಂತೆ ತೆಂಗಿನ ನಾರಿನಲ್ಲಿ ತಿಕ್ಕಿದರು. ನಲ್ಲಿ ನೀರು ತುಂಬಿ ಮೀನು ಬಿಟ್ಟರು. ತಮ್ಮನಿಗಾಗಿ ಮಾಡಿದ ಕೆಲಸ ಅದು. ಪಾಚಿ ಸೋಸುವ ಪಂಚೆಯನ್ನೂ ಸೋಡಾ ಹಾಕಿ ಕುದಿಸಿ, ಬೆಳ್ಳಗೆ ಮಾಡಿ, ಹಗ್ಗದ ಮೇಲೆ ಹರವಿದ್ದರು.

ಮೀನು ಸತ್ತದ್ದು ನೀರು ಬದಲಾದದ್ದಕ್ಕೆ ಎಂದಷ್ಟೇ ಅಕ್ಕ ತಿಳಿದರು. ಪಾಚಿಯ ಮಾತನ್ನು ನಾನು ಎತ್ತಲಿಲ್ಲ. ಅವರು ಒಳಗಿದ್ದಾಗ ತೊಟ್ಟಿಯ ಬಿರುಕು, ಮೋರಿಯ ಬಾಯಿ, ಪೈಪಿನ ಒಳಗೆ ಬೆರಳು ಹಾಕಿ ನೋಡಿದೆ. ಎಲ್ಲೂ ಹಸಿರಿರಲಿಲ್ಲ. ಮತ್ತೆ ಹಸಿರಾದೀತೆಂದು ಅಡಿಗೆಮನೆಯ ಡಬ್ಬಿಯಲ್ಲಿದ್ದ ಒಣ ಪಾಚಿಯ ಪುಡಿಯಲ್ಲಿ ಒಂದು ಚಮಚವನ್ನು ಒಂದು ಬಾಟಲಿ ನೀರಿಗೆ ಹಾಕಿ ಕಿಟಕಿಯಲ್ಲಿಟ್ಟೆ. ಮೂರು ದಿನಕ್ಕೆ ಕೊಳೆತು ನಾರಿತು. ನನ್ನ ಗಂಡ ಸತ್ತಿದ್ದಾರೆ ಎಂಬುದು ನನಗೆ ನಿಜವಾಗಿ ತಿಳಿದದ್ದು ಆ ಬಾಟಲಿಯನ್ನು ಮೋರಿಗೆ ಸುರಿದಾಗ.

ಹನ್ನೊಂದನೆಯ ದಿನ ಎಡೆ ಇಡಬೇಕು, ಸತ್ತವರಿಗೆ ಇಷ್ಟವಾದ ಅಡಿಗೆ ಮಾಡಬೇಕು. ಮಾರ್ಕೆಟ್ಟಿನಿಂದ ಮೀನು ತರಿಸಿ, ಉಳಿದಿದ್ದ ಪುಡಿಯನ್ನೆಲ್ಲ ಸುರಿದು ವಡೆ ಮಾಡಿದೆ. ಎಡೆಯಾದ ಮೇಲೆ ಬಂದವರೆಲ್ಲ ಹಂಚಿಕೊಂಡು ತಿಂದರು. ಅಕ್ಕ ನನ್ನ ಪಕ್ಕ ಕೂತಿದ್ದರು. ಎರಡನೆಯ ವಡೆ ಅರ್ಧವಾಗಿತ್ತು.

"ರುಚಿ ಆಗ್ಯದ. ಯಾವ ಸೊಪ್ಪು ಹಾಕೀದಿ ಇದಕ?"

"ಸೊಪ್ಪಲ್ಲ ಅಕ್ಕಾ. ತೊಟ್ಟೀಲಿತ್ತಲ್ಲ, ಅದು."

ಅವರ ಕೈ ಎಲೆಯ ಮೇಲೆಯೇ ನಿಂತಿತು. ಹಿತ್ತಿಲ ಬಾಗಿಲ ಕಡೆ ನೋಡಿದರು. ಸುಲಿದ ಬೆರಳುಗಳನ್ನು ನೋಡಿಕೊಂಡರು. ಪಕ್ಕದವರಿಗೆ ಕೇಳದ ಹಾಗೆ ಅಂದರು.

"ನಾ ಕೇಳಿದ್ನಲ್ಲ ತಂಗೀ. ನೀ ಹೂಂ ಅಂದಿದ್ಯಲ್ಲ."

"ಹೂಂ ಅಂದಿದ್ದೆ ಅಕ್ಕಾ."

ಉಳಿದ ಅರ್ಧ ವಡೆಯನ್ನು ಅವರು ಮತ್ತೆ ಎರಡು ಮಾಡಿದರು. ಒಂದು ತುಂಡನ್ನು ನನ್ನ ಎಲೆಗೆ ಹಾಕಿದರು. ಬುಟ್ಟಿಯಲ್ಲಿ ಬೇರೆ ವಡೆ ಉಳಿದಿರಲಿಲ್ಲ. ನಾವಿಬ್ಬರೂ ಅದನ್ನು ತಿಂದೆವು.