ಪರದೆಯ ಮೇಲಿನ ಕೂದಲು

ಮೊಬೈಲಿನ ಪರದೆಯ ಮೇಲೆ ಬಿದ್ದಿದ್ದ ಒಂದು ಕೂದಲನ್ನು ನಾನು ಮೂರು ಸಲ ಒರೆಸಿದೆನೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಅದು ಕೂದಲಾಗಿರಲಿಲ್ಲ, ಸುದ್ದಿಯ ನಡುವೆ ತೂರಿಕೊಂಡ ಜಾಹೀರಾತಿನಲ್ಲಿ ಬರೆದ ಚಿತ್ರ. ಮೂರನೆಯ ಸಲ ಬೆರಳು ಒತ್ತಿದಾಗ ಐಮಂಗಲದ ಕಂಬಳಿ ಅಂಗಡಿಯೊಂದರ ಪುಟ ತೆರೆದುಕೊಂಡಿತು.

ಅನ್ಯಾಯವನ್ನು ಕಂಡಲ್ಲಿ ಹೆಸರಿಟ್ಟು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವನು ನಾನು. ಚಿತ್ರದುರ್ಗದಲ್ಲಿ ನನ್ನ ದೂರುಪತ್ರಗಳಿಂದ ಪಾರಾಗಿರುವುದು ಬಹುಶಃ ಕೋಟೆಯೊಂದೇ. ಇಲ್ಲಿಯೂ ಹೆಸರಿಟ್ಟೆ: ಮೊದಲನೆಯದು ವಂಚನೆ, ಎರಡನೆಯದು ಓದುಗನ ಬೆರಳಿನ ಮೇಲೆ ಅತಿಕ್ರಮಣ, ಮೂರನೆಯದು, ಎಲ್ಲಕ್ಕಿಂತ ಹೇಯವಾದದ್ದು, ಶುಚಿತ್ವವೆಂಬ ಸದ್ಗುಣದ ದುರ್ಬಳಕೆ. ಪುಟದಲ್ಲಿದ್ದ ಸಂಖ್ಯೆಗೆ ಕೂಡಲೇ ಕರೆ ಮಾಡಿದೆ.

"ಬೈಯಾಕೆ ಮಾಡಿರೇನ್ರಿ?" ಎಂದಿತು ಹೆಂಗಸಿನ ದನಿ.

ಹೌದೆಂದೆ.

"ಹಂಗಾರೆ ಒಸಿ ತಡೀರಿ. ಇನ್ನೊಂದು ಫೋನ್ನಾಗೆ ಒಬ್ರು ಬೈತಾ ಅವ್ರೆ."

ಸರದಿಯಲ್ಲಿ ನಿಂತು ಬೈಯುವುದು ನನ್ನ ಘನತೆಗೆ ಒಪ್ಪಲಿಲ್ಲ. ಮರುದಿನ ಬಸ್ಸು ಹತ್ತಿ ನೇರವಾಗಿ ಹೋದೆ. ಅಂಗಡಿಯೊಡತಿ ರಂಗಮ್ಮನವರದು ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಹಿರಿಯೂರಿನವನೊಬ್ಬ ಆ ಜಾಹೀರಾತು ಮಾಡಿಕೊಟ್ಟಿದ್ದನಂತೆ. ನೋಡಲು ಬಂದವರ ಸಂಖ್ಯೆ ಹೇಳಿ ದಿನವೂ ಬೀಗುತ್ತಿದ್ದನಂತೆ.

"ಬಂದೋರೆಲ್ಲ ಬೈದೋರೇ ಮೇಷ್ಟ್ರೇ," ಎಂದರು. ಕನ್ನಡಕ ಕಂಡರೆ ಅವರಿಗೆ ಎಲ್ಲರೂ ಮೇಷ್ಟ್ರೇ. "ಬೈಲಿ ಬಿಡ್ರಿ. ಕಂಬ್ಳಿ ಮಾರೋರ ಚಿತ್ರದಾಗೆ ಕೂದ್ಲು ಬಿದ್ದೈತೆ ಅಂದ್ರೆ ನಮ್ಮ ಕಂಬ್ಳಿ ಉದುರ್ತೈತೆ ಅಂತ ಆಗ್ಲಿಲ್ವೇನ್ರಿ? ವರ್ಷಾ ವರ್ಷಾ ತಗಳ್ಳೋ ಭರಮಸಾಗರದ ಅಂಗಡಿಯೋರು ಈ ಸಲ ಬ್ಯಾಡ ಅಂದವ್ರೆ."

ನನ್ನ ಪಟ್ಟಿಯಲ್ಲಿ ಈ ನಾಲ್ಕನೆಯ ಅನ್ಯಾಯ ಇರಲೇ ಇಲ್ಲ. ಮೋಸದ ಜಾಹೀರಾತು ಓದುಗನನ್ನಷ್ಟೇ ಕೆಡಿಸುತ್ತದೆ, ಕೊಟ್ಟವನನ್ನು ಉದ್ಧರಿಸುತ್ತದೆ ಎಂದೇ ನಂಬಿದ್ದೆ. ಆದರೆ ಕೈಹಿಡಿದು ಎಳೆತಂದ ಗಿರಾಕಿಯ ಕಣ್ಣು ಸರಕಿನ ಮೇಲಿರುವುದಿಲ್ಲ, ಹೊರಹೋಗುವ ಬಾಗಿಲಿನ ಮೇಲಿರುತ್ತದೆ.

"ನಮ್ಮ ಮನ್ಯಾಗೆ ನೀರು ಹುಯ್ಯದೆ ಕಂಬ್ಳಿ ಮಾರಿದ್ದೇ ಇಲ್ಲ. ಹಿಡ್ಕಳ್ರಿ," ಎಂದು ರಂಗಮ್ಮ ಕರಿಕಂಬಳಿಯ ಎರಡು ಮೂಲೆಗಳನ್ನು ನನ್ನ ಕೈಗಿತ್ತರು. ಉಳಿದೆರಡನ್ನು ಬಾಗಿಲ ಗೂಟಗಳಿಗೆ ಸಿಕ್ಕಿಸಿ, ನಡುವೆ ಒಂದು ಕೊಡ ನೀರು ಹುಯ್ದರು. ನೀರು ಪುಟ್ಟ ಕೆರೆಯಂತೆ ನಿಂತಿತು. ಕೆಳಗೆ ತೊಟ್ಟೂ ಬೀಳಲಿಲ್ಲ.

"ತಲೆ ಬೆಳ್ಳಗಾದ್ರೂ ಕೈ ಗಟ್ಟಿ ಅವೆ ಬಿಡ್ರಿ," ಎಂದರು ನನ್ನನ್ನು ನೋಡಿ.

ಜಾಹೀರಾತಿಗೆ ಇದೇ ಸಾಕೆಂದು ನಾನು ವಾದಿಸಿದೆ. ಹಿರಿಯೂರಿನವನು ಮಾಡಿಕೊಟ್ಟ ಹೊಸ ಜಾಹೀರಾತಿನಲ್ಲಿ ಈಗ ಕೂದಲಿಲ್ಲ. ಕಂಬಳಿಯಲ್ಲಿ ನಿಂತ ನೀರು, ಅಂಚು ಹಿಡಿದ ನನ್ನ ಎರಡು ಕೈ. ನೋಡಲು ಬರುವವರು ಬಹಳ ಕಡಿಮೆಯೆಂದು ಹಿರಿಯೂರಿನವನಿಗೆ ಬೇಸರ. ಆದರೆ ಆ ಕೆಲವರಲ್ಲಿ ಭರಮಸಾಗರದ ಅಂಗಡಿಯವರೂ ಇದ್ದರು. ತಾವೇ ಬಂದು, ತಾವೇ ನೀರು ಹುಯ್ದು, ಕಂಬಳಿಗಳನ್ನು ಒಯ್ದರು.

ನಾನೂ ಒಂದು ಕರಿಕಂಬಳಿ ಕೊಂಡೆ. ಹಾಗಾದರೆ ಆ ಸುಳ್ಳು ಕೂದಲು ಗಿರಾಕಿಯನ್ನು ಕರೆತಂದಿತಲ್ಲವೇ ಎಂದು ನೀವು ಕೇಳಬಹುದು. ಕೂದಲು ನನ್ನನ್ನು ಕರೆತಂದದ್ದು ಜಗಳಕ್ಕೆ. ಕೊಳ್ಳುವಂತೆ ಮಾಡಿದ್ದು ನೀರು.

ಇಂದು ಬೆಳಿಗ್ಗೆ ಆ ಕಂಬಳಿ ಹೊದ್ದು ಸುದ್ದಿ ಓದುತ್ತಿದ್ದಾಗ ಪರದೆಯ ಮೇಲೆ ಮತ್ತೆ ಒಂದು ಕೂದಲು. ಎಚ್ಚರಿಕೆಯಿಂದ ಊದಿದೆ, ಹಾರಿಹೋಯಿತು. ನಿಜವಾದ ಕೂದಲು, ಅಚ್ಚ ಕಪ್ಪು. ಬಹಳ ಹೊತ್ತು ಯೋಚಿಸಿ, ಅದು ನನ್ನ ತಲೆಯದೇ ಎಂದು ತೀರ್ಮಾನಿಸಿದ್ದೇನೆ.