ಜಿಂಕೆಗಳಿಗೆ ಬುತ್ತಿ ಕಟ್ಟುವ ಆರ್ಲಿಸ್

ಆಗಸ್ಟ್ ತಿಂಗಳ ಮುಂಜಾನೆ. ಗುಡ್ಡಗಳ ನಡುವಿನ ಮಂಜು ಇನ್ನೂ ಎದ್ದಿಲ್ಲ, ನಾರ್ಡಾಲ್ ಊರಿನ ಮೇವಿನ ಗಿರಣಿಯ ಮುಂದೆ ಆಗಲೇ ಪಿಕಪ್ ಗಾಡಿಗಳು ಸಾಲುಗಟ್ಟಿವೆ. ಒಳಗೆ ಒಂದೇ ಬಲ್ಬಿನ ಬೆಳಕಿನಲ್ಲಿ ಆರ್ಲಿಸ್ ಟೊಲೆಫ್ಸನ್ ಓಟ್ಸ್ ಚೀಲವನ್ನು ಮೊಣಕಾಲಿನ ಆಸರೆಯಲ್ಲಿ ಎತ್ತಿ, ತಿರುಗುವ ಪೀಪಾಯಿಗೆ ಸುರಿಯುತ್ತಿದ್ದಾರೆ. ಅದರ ಹಿಂದೆ ಗೋಧಿಯಂಥ ರೈ ಕಾಳು, ಆಮೇಲೆ ಬಟಾಣಿ. ಪೀಪಾಯಿ ಪೂರ್ತಿ ನಿಲ್ಲುವ ಮೊದಲೇ ತೋಳನ್ನು ಒಳಗೆ ಚಾಚಿ ಒಂದು ಹಿಡಿ ಕಾಳು ತೆಗೆಯುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರ ಗಮನವೆಲ್ಲ ಅಂಗೈಯ ಮೇಲೆ.

"ಬಟಾಣಿ ಸಾಲ್ದು" ಎಂದು ತಮಗೆ ತಾವೇ ಹೇಳಿಕೊಂಡು ಇನ್ನೊಂದು ಬೊಗಸೆ ಸುರಿಯುತ್ತಾರೆ.

ವಿಸ್ಕಾನ್ಸಿನ್‌ನ ಈ ಗುಡ್ಡಗಾಡಿನಲ್ಲಿ ನವೆಂಬರಿನ ಬೇಟೆ ಶುರುವಾಗುವುದು ಬೇಸಿಗೆಯ ಬಿತ್ತನೆಯಿಂದ. ಕಾಡಂಚಿನಲ್ಲಿ ಪ್ರತಿಯೊಬ್ಬರದೂ ಒಂದು ಪುಟ್ಟ ತಾಕು. ಜಿಂಕೆ, ಟರ್ಕಿ ಕೋಳಿ, ಮೊಲ ಎಲ್ಲವೂ ಚಳಿಗಾಲಕ್ಕೆ ಮುನ್ನ ಅಲ್ಲಿ ಮೇಯಲಿ, ಬೇಟೆಗೆ ಅನುಮತಿಯಿರುವ ಒಂಬತ್ತು ದಿನ ಬೆಳಕಿರುವಾಗಲೇ ಕಣ್ಣಿಗೂ ಬೀಳಲಿ ಎಂಬ ಆಸೆ. ಆ ತಾಕಿಗೆ ಯಾವ ಬೀಜ, ಎಷ್ಟೆಷ್ಟು ಎಂದು ಆರಿಸಿ ಕಲಸಿಕೊಡುವವರು ಆರ್ಲಿಸ್. ಕೊಂಬುಗಳು ಬೇಟೆಗಾರರ ಗೋಡೆ ಏರುತ್ತವೆ. ಮೇವು ಆರಿಸಿದ ಕೈಯನ್ನು ಯಾರೂ ನೆನೆಯುವುದಿಲ್ಲ.

ಬೀಜ ಕೊಡುವ ಮೊದಲು ಅವರದೇ ಪ್ರಶ್ನೆಗಳಿರುತ್ತವೆ. ನೀನು ಕೂರೋದೆಲ್ಲಿ? ಗಾಳಿ ಯಾವ ಕಡೆಯಿಂದ? ಪಕ್ಕದವರ ಜೋಳ ಯಾವಾಗ ಕೊಯ್ಲು? ಸರದಿಯಲ್ಲಿದ್ದವನೊಬ್ಬ ಅಂಗಡಿಯ ಬಣ್ಣದ ಪೊಟ್ಟಣವೊಂದನ್ನು ತೋರಿಸುತ್ತಾನೆ. ಅದರ ಮೇಲೆ ಮರದಂಥ ಕೊಂಬಿನ ಗಂಡು ಜಿಂಕೆ.

"ಇದನ್ನೇ ಹಾಕ್ಲಾ, ಆರ್ಲಿಸ್?"

"ಹಾಕಪ್ಪ. ಚಿತ್ರ ಮಾತ್ರ ಹೊಲದಲ್ಲಿ ನೆಟ್ಟು ಬಾ. ನಮ್ಮ ಜಿಂಕೆಗಳು ಸ್ಕೂಲಿಗೆ ಹೋಗಿಲ್ಲ, ಹೆಸರು ಓದೋಕೆ ಬರಲ್ಲ."

ಆರ್ಲಿಸ್‌ಗೆ ಈಗ ಅರವತ್ತಮೂರು. ಗಂಡನ ಬೆನ್ನು ಕೈಕೊಟ್ಟಾಗ ಮನೆಯ ಹಸುಗಳನ್ನು ಮಾರಿ ಈ ಗಿರಣಿಗೆ ಬಂದವರು. ಆತ ಈಗ ಸ್ಕೂಲ್ ಬಸ್ ಓಡಿಸುತ್ತಾರೆ. "ಮೊದಮೊದಲು ಬಂದವರೆಲ್ಲ, ಒಳಗೆ ಗಂಡಸ್ರು ಯಾರಾದ್ರೂ ಇದ್ದಾರಾ ಅಂತ ಕೇಳೋರು. ನೋಡ್ತೀನಿ ಅಂತ ಒಳಗೆ ಹೋಗ್ತಿದ್ದೆ, ಬೇರೆ ಟೋಪಿ ಹಾಕ್ಕೊಂಡು ಬಂದು, ಹೇಳಿ ಏನ್ಬೇಕು ಅಂತಿದ್ದೆ" ಎಂದು ನಗುತ್ತಾರೆ. ನಗು ಕೆಮ್ಮಾಗುತ್ತದೆ. ಬೀಜದ ದೂಳು ಗಂಟಲಿನಲ್ಲಿ ಕೂತು ವರ್ಷಗಳಾಗಿವೆ. ಬಲಭುಜ ಎಡಕ್ಕಿಂತ ತುಸು ತಗ್ಗಿದೆ. ಬಿತ್ತನೆಯ ಶನಿವಾರಗಳಲ್ಲಿ ಅವರ ಕೈಯಲ್ಲಿ ಒಂದು ಟನ್ನಿಗೂ ಹೆಚ್ಚು ಬೀಜ ಹಾದುಹೋಗುತ್ತದೆ.

ಪ್ರತಿಯೊಬ್ಬರಿಗೂ ಅವರು ಎರಡು ಚೀಲ ಕಟ್ಟುತ್ತಾರೆ. ಬಿಳಿ ದಾರದ್ದರಲ್ಲಿ ದಪ್ಪ ಕಾಳು: ಓಟ್ಸ್, ರೈ, ಬಟಾಣಿ. ಕೆಂಪು ದಾರದ್ದರಲ್ಲಿ ಸಾಸಿವೆಯಂಥ ಸಣ್ಣ ಬೀಜ: ಟರ್ನಿಪ್ ಗೆಡ್ಡೆ, ಮೂಲಂಗಿ. "ದಪ್ಪದ್ದು ಮೊದಲು, ಮಣ್ಣು ಮುಚ್ಚಿ. ಸಣ್ಣದ್ದು ಆಮೇಲೆ, ಮುಚ್ಚಬೇಡಿ, ಸುಮ್ನೆ ತುಳಿದುಬಿಡಿ. ಎರಡನ್ನೂ ಒಟ್ಟಿಗೆ ಬಿತ್ತೋ ಗಾಡಿಗೆ ಸುರಿದ್ರೆ ಅದರ ಕುಲುಕಾಟಕ್ಕೆ ಸಣ್ಣದ್ದು ತಳಕ್ಕಿಳಿದು ಮೊದಲೇ ಖಾಲಿಯಾಗುತ್ತೆ." ದಿನವಿಡೀ ಇದೇ ಪಾಠ.

ಆ ಬೆಳಿಗ್ಗೆ ಪಾಠ ಕೇಳಿಸಿಕೊಳ್ಳದೆ ತಲೆಯಾಡಿಸಿದವರು ಡೆಲ್ಮರ್ ಕ್ವಾಮ್, ಆರ್ಲಿಸ್‌ಗೆ ಶಾಲಾ ದಿನಗಳಿಂದಲೂ ಪರಿಚಿತರು. ವಸಂತದಲ್ಲಿ ಮರದ ಮೇಲಿನ ಬೇಟೆಯ ಪೀಠದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಇನ್ನು ಮರ ಹತ್ತುವಂತಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆಳೆದು ಮೀನು ಹಿಡಿಯಲು ಕೂರುವ ಮರದ ಗೂಡನ್ನು ಈ ಸಲ ತಾಕಿನ ಕೆಳತುದಿಯಲ್ಲಿಟ್ಟಿದ್ದಾರೆ. ಅಲ್ಲೇ ಏಕೆಂದರೆ, ಹೆಂಡತಿ ಇಲೇನ್‌ರ ಅಡುಗೆಮನೆ ಕಿಟಕಿಗೆ ಕಾಣುವುದು ಅದೊಂದೇ ಜಾಗ.

"ಇಷ್ಟು ಮಾಡಿಯೂ ಜಿಂಕೆ ಬರ್ಲಿಲ್ಲ ಅಂದ್ರೆ ಬಂದೂಕು ಮಗನಿಗೆ ಕೊಟ್ಟು ಟೀವಿ ಮುಂದೆ ಕೂತ್ಬಿಡ್ತೀನಿ" ಎನ್ನುತ್ತಾರೆ ಡೆಲ್ಮರ್. ನಗುತ್ತಲೇ ಹೇಳುತ್ತಾರೆ, ಕಣ್ಣು ಮಾತ್ರ ಊರುಗೋಲಿನ ಮೇಲಿದೆ. ಆರ್ಲಿಸ್ ಕೆಂಪು ದಾರದ ಚೀಲಕ್ಕೆ ಇನ್ನಷ್ಟು ಟರ್ನಿಪ್ ಬೀಜ ಸೇರಿಸುತ್ತಾರೆ. ಹಿಮ ಬಿದ್ದ ಮೇಲೆ ಸಿಹಿಯಾಗುವ ಬೆಳೆ ಅದು. ಬೇಟೆಯ ದಿನಗಳಿಗೆ ಸರಿಯಾಗಿ.

ಸೆಪ್ಟೆಂಬರ್ ಕೊನೆಗೆ ಇಲೇನ್ ಗಿರಣಿಗೆ ಬರುತ್ತಾರೆ. "ಏನಾಯ್ತು ಗೊತ್ತಾ? ಮೋಡ ನೋಡಿದ್ದೇ ತಡ, ಎರಡು ಚೀಲವನ್ನೂ ಒಟ್ಟಿಗೆ ಸುರಿದ ಪುಣ್ಯಾತ್ಮ. ಮೂವತ್ತು ವರ್ಷದಿಂದ ಬಿತ್ತಾ ಇದ್ದೀನಿ, ನೀನು ಸುಮ್ನಿರು ಅಂದ. ಈಗ ಮಾತೇ ಆಡ್ತಿಲ್ಲ."

ಭಾನುವಾರ ಆರ್ಲಿಸ್ ತಾಕಿಗೆ ಹೋಗಿ ನೋಡುತ್ತಾರೆ. ಡೆಲ್ಮರ್ ಬಿತ್ತಲು ಶುರುಮಾಡಿದ ಮೇಲ್ತುದಿಯಲ್ಲಿ, ಕಾಡಿನ ಪಕ್ಕ, ಟರ್ನಿಪ್, ಮೂಲಂಗಿ ಮೊಣಕಾಲೆತ್ತರಕ್ಕೆ ಬೆಳೆದಿವೆ. ಕೆಳತುದಿಯಲ್ಲಿ, ಗೂಡಿನ ಮುಂದೆ, ಬರೀ ಓಟ್ಸ್, ರೈ, ಬಟಾಣಿ. ಓಟ್ಸ್, ಬಟಾಣಿ ಗಟ್ಟಿ ಹಿಮಕ್ಕೆ ಸಾಯುತ್ತವೆ, ರೈ ಟರ್ನಿಪ್‌ನಷ್ಟು ಜಿಂಕೆಗಳನ್ನು ಸೆಳೆಯುವುದಿಲ್ಲ. ನವೆಂಬರಿನಲ್ಲಿ ಜಿಂಕೆಗಳು ಸೇರುವುದು ಮೇಲೆ. ಡೆಲ್ಮರ್ ಕೂರುವುದು ಕೆಳಗೆ.

"ಬೈದುಬಿಡು" ಎನ್ನುತ್ತಾರೆ ಡೆಲ್ಮರ್.

"ಬೈದ್ರೆ ಟರ್ನಿಪ್ ಕೆಳಗೆ ಬರುತ್ತಾ? ಗೂಡಿಗೆ ಅಡಿಯಲ್ಲಿ ಜಾರುಪಟ್ಟಿ ಇದೆಯಲ್ಲ, ಮಾರಾಯ. ಮೇಲಕ್ಕೆ ಎಳಿ."

"ಅಲ್ಲಿಟ್ರೆ ನಂಗೆ ಕಾಣಲ್ಲ" ಎನ್ನುತ್ತಾರೆ ಇಲೇನ್. ಸೊಂಟ ಮುರಿದುಕೊಂಡು ಗಂಡ ಎರಡು ಗಂಟೆ ಒಬ್ಬರೇ ಬಿದ್ದಿದ್ದು ಅವರ ಮನಸ್ಸಿನಿಂದ ಹೋಗಿಲ್ಲ. ಆರ್ಲಿಸ್ ಬಾಗಿಲು ತೆರೆದು ಒಳಗಿಣುಕುತ್ತಾರೆ.

"ಇದ್ರಲ್ಲಿ ಎರಡು ಕುರ್ಚಿ ಇದೆ, ಇಲೇನ್."

ನವೆಂಬರಿನ ಬೇಟೆಯ ಮೊದಲ ಶನಿವಾರ ಊರೆಲ್ಲ ಬೇಟೆಗಾರರು ತೊಡಲೇಬೇಕಾದ ಕಿತ್ತಳೆ ಬಣ್ಣ. ಗುಡ್ಡಗಳಲ್ಲಿ ಗುಂಡಿನ ಸದ್ದು. ಆರ್ಲಿಸ್ ಎಂದಿನಂತೆ ಗಿರಣಿಯಲ್ಲೇ ಇದ್ದಾರೆ. ಪ್ರತಿ ಸಲ ಬಾಗಿಲು ತೆರೆದಾಗಲೂ ತಲೆ ಎತ್ತುತ್ತಾರೆ. ಮಧ್ಯಾಹ್ನವಾಗುತ್ತದೆ, ಕ್ವಾಮ್ ಮನೆಯಿಂದ ಸುದ್ದಿಯಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಒಳಗೆ ಬರುತ್ತಾರೆ, ಇಲೇನ್ ತಲೆಯ ಮೇಲೂ ಕಿತ್ತಳೆ ಟೋಪಿ.

"ಇವನು ಪಿಸಪಿಸ ಅಂತಾನೇ ಇದ್ದ ಕಣೇ. ಬೆಳಕಾಗೋವರೆಗೂ. ನಾನೇ ಬಾಯ್ಮುಚ್ಚು ಅಂತ ಚಿವುಟಿದೆ. ತಿರುಗಿ ನೋಡಿದ್ರೆ ಟರ್ನಿಪ್ ಮಧ್ಯೆ ನಿಂತಿದೆ."

"ಮೊದಲು ನೋಡಿದ್ದು ನಾನು" ಎನ್ನುತ್ತಾರೆ ಡೆಲ್ಮರ್.

"ನಾನು ಚಿವುಟಿದ ಮೇಲೆ."

ಒಳ್ಳೆಯ ಮೈಕಟ್ಟಿನ ಹೆಣ್ಣು ಜಿಂಕೆ, ಒಂದೇ ಗುಂಡು, ಚಳಿಗಾಲಕ್ಕೆ ಮಾಂಸ. ಆರ್ಲಿಸ್ ಬೇಕೆಂದೇ ಕೇಳುತ್ತಾರೆ: "ಬಂದೂಕು ಮಗನಿಗೆ ಕೊಡೋದು ಯಾವಾಗ?"

"ಯಾರು ಹಾಗಂದಿದ್ದು?" ಎಂದು ಡೆಲ್ಮರ್ ಗೋಡೆ ನೋಡುತ್ತಾರೆ. ಇಲೇನ್ ಕೌಂಟರಿನ ಮೇಲೆ ಬಾಗಿ ಹೇಳುತ್ತಾರೆ: "ಮುಂದಿನ ವರ್ಷ ನಂದೂ ಒಂದು ಪರವಾನಗಿ. ಬೀಜ ನಾನೇ ಸುರೀತೀನಿ, ಎರಡು ಸಲ."

ನಿಮಗೇನು ಆಸೆ ಎಂದು ಅದೇ ದಿನ ನಾನು ಕೇಳಿದಾಗ ಆರ್ಲಿಸ್ ಕಸ ಗುಡಿಸುತ್ತಲೇ ಹೇಳುತ್ತಾರೆ: "ಬೇಟೆ ನಂಗಾಗಲ್ಲ. ಆದ್ರೆ ಇಷ್ಟು ವರ್ಷ ಬುತ್ತಿ ಕಟ್ಟಿದ್ದೀನಿ, ಅವು ತಿನ್ನೋದನ್ನ ಒಂದು ಸಲವೂ ಕೂತು ನೋಡಿಲ್ಲ. ಆ ಹೊತ್ತಿಗೆ ಯಾವಾಗ್ಲೂ ಇಲ್ಲೇ ಇರ್ತೀನಿ."

ಮಾತು ಇಲೇನ್ ಕಿವಿಗೆ ಬೀಳುತ್ತದೆ. ಬೇಟೆಯ ದಿನಗಳು ಮುಗಿದ ಮೊದಲ ಭಾನುವಾರದ ಇಳಿಹೊತ್ತು ಗೂಡನ್ನು ಆರ್ಲಿಸ್‌ಗೂ ನನಗೂ ಬಿಟ್ಟುಕೊಡುತ್ತಾರೆ. ಡೆಲ್ಮರ್ ಮನೆಯಲ್ಲಿ ನಮಗಾಗಿ ಜಿಂಕೆಯ ಸಾಸೇಜ್ ಹುರಿಯುತ್ತಿದ್ದಾರೆ. ತೆಳು ಹಿಮದ ಮೇಲೆ ಕಾಡಿನಿಂದ ಮೊದಲು ಒಂದು, ಆಮೇಲೆ ನಾಲ್ಕು ಜಿಂಕೆಗಳು ಇಳಿದು ಬರುತ್ತವೆ. ಒಂದು ಮರಿ ಕಾಲಿನಿಂದ ಕೆರೆದು ಗೆಡ್ಡೆಯೊಂದನ್ನು ಕೀಳುತ್ತದೆ. ಕಟಕಟ ಅಗಿಯುವ ಸದ್ದು ನಮಗೆ ಕೇಳಿಸುತ್ತದೆ. ಆರ್ಲಿಸ್ ಕೆಮ್ಮು ಬಾರದಂತೆ ಬಾಯಿಗೆ ಕೈಗವಸು ಒತ್ತಿ ಹಿಡಿದಿದ್ದಾರೆ. ಕಣ್ಣು ತುಂಬ ನಗು.

ಕತ್ತಲಾಗುವ ಮುಂಚೆ ನನ್ನ ಕಿವಿಯ ಬಳಿ ಬಾಗುತ್ತಾರೆ.

"ಮೂಲಂಗಿ ಮೂಸಿ ನೋಡಿ ಬಿಟ್ಬಿಡ್ತಿವೆ, ನೋಡಿದ್ರಾ? ಮುಂದಿನ ಸಲ ಕಡಿಮೆ ಹಾಕ್ತೀನಿ."