ರೇಣುಕಾಳ ವ್ಯಾನಿನ ಬಾಣಂತನ

ಇಂಡಿಯಿಂದ ಚಡಚಣದ ಸಂತೆಗೆ ಹೆಂಗಸರನ್ನು ಹೊತ್ತೊಯ್ಯುವ ವ್ಯಾನು ರೇಣುಕಾಳದು, ಡ್ರೈವರೂ ಅವಳೇ. ಕಾಯಿಪಲ್ಲೆ ಬುಟ್ಟಿ, ಕೋಳಿ, ಕಂಕುಳಲ್ಲಿ ಕೂಸು, ಎಲ್ಲವೂ ಹತ್ತುತ್ತಿದ್ದವು. ಕುಡಿದ ಗಂಡಸು ಮಾತ್ರ ಹತ್ತುವಂತಿರಲಿಲ್ಲ. ಕಣ್ಣು ತಪ್ಪಿಸಿ ಹತ್ತಿದರೆ ನಡುದಾರಿಯಲ್ಲಿ ಇಳಿಸಿ ಹೋಗುತ್ತಿದ್ದಳು.

ಒಂದು ದಿನ ಅವಳ ಮೈದುನ ಕೇಳದೆ ಗಾಡಿ ಒಯ್ದ. ರೇಡಿಯೇಟರಿನಲ್ಲಿ ಹನಿ ನೀರಿಲ್ಲದೆ ಓಡಿಸಿ ಎಂಜಿನ್ ಸುಟ್ಟುಕೊಂಡು ಬಂದ. ಓಣಿ ಏನಂದಿತು? “ಹೆಂಗಸಿನ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು.” ಸುಟ್ಟವನ ಹೆಸರು ಯಾರ ಬಾಯಲ್ಲೂ ಇಲ್ಲ. ಇನ್ನೊಮ್ಮೆ ಎಂಜಿನ್ ಹೋದರೆ ಆ ದಾರಿಯಲ್ಲಿ ತನ್ನ ಗಾಡಿಗೆ ಯಾರೂ ಕೈ ಮಾಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸಿಂದಗಿಯ ಮಿಸ್ತ್ರಿ ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಎಂಜಿನ್ ಕಟ್ಟಿಕೊಟ್ಟ. ಕಟ್ಟಿಕೊಡುವ ಹೊತ್ತಿಗೆ ರೇಣುಕಾಳ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಹೆರಿಗೆಯಾಗಿ, ಬಾಣಂತನ ಮುಗಿಯುವ ತನಕ ಗಾಡಿ ನಿಲ್ಲಲೇಬೇಕು. ಇಂಡಿಯಲ್ಲಿ ಬಿಟ್ಟರೆ ಮೈದುನ ಇದ್ದಾನೆ. ಹಾಗಾಗಿ ಚೊಚ್ಚಲ ಹೆರಿಗೆಗೆ ಹೊರ್ತಿಯ ತವರಿಗೆ ಹೊರಟವಳು ಗಂಡನಿಂದ ವ್ಯಾನನ್ನೂ ಓಡಿಸಿಕೊಂಡು ತರಿಸಿ, ತಂದೆಯ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದಳು.

ಸುಮ್ಮನೆ ನಿಲ್ಲಿಸಲಿಲ್ಲ. ಕಪ್ಪಾಗಿದ್ದ ಎಣ್ಣೆ ಬಸಿಸಿ ಹೊಸದು ಹಾಕಿಸಿದಳು. ಮುಂದಿನ ಸೀಟು ಎತ್ತಿದರೆ ಎಂಜಿನ್. ಪ್ಲಗ್ಗು ಬಿಚ್ಚಿ ಒಂದೊಂದು ತೂತಿಗೂ ಚಮಚದಷ್ಟು ಎಣ್ಣೆ ಬಿಟ್ಟಳು. ನಟ್ಟು ತಿರುಗಿಸುವ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ ಒಳಗೆಲ್ಲ ಎಣ್ಣೆ ಹಿಡಿಯುವಂತೆ ಮಾಡಿದಳು. ಸೈಲೆನ್ಸರಿನ ಬಾಯಿಗೂ ಗಾಳಿ ಎಳೆಯುವ ಕೊಳವೆಗೂ ಎಣ್ಣೆ ಅರಿವೆ ತುರುಕಿದಳು. ಇಲಿಯೂ ಹೋಗಬಾರದು, ತೇವವೂ ಹೋಗಬಾರದು. ಕಡೆಗೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟಳು.

ತಾಯಿ ಶೇವಂತೆವ್ವ ನಿಂತು ನೋಡಿದಳು. “ಬಾಣಂತಿಗೆ ಇಟ್ಟಂಗ ಗಾಡಿ ಕಿವಿಗೆ ಹತ್ತಿ ಅರಳಿ ಇಡಾಕತ್ತಾಳ ನೋಡು. ನಾಳೆ ನಿನಗ ಇಟ್ರ ಒದರಬ್ಯಾಡ ಮತ್ತ.”

ತಂದೆ ಪರಸಪ್ಪ ಹಿಂದೊಮ್ಮೆ ಊರ ನೀರಿನ ಡೀಸೆಲ್ ಪಂಪು ನೋಡಿಕೊಳ್ಳುತ್ತಿದ್ದವ. ಅಷ್ಟಕ್ಕೇ ಜಗತ್ತಿನ ಎಂಜಿನ್ನುಗಳೆಲ್ಲ ತನ್ನ ಕೈಕೂಸು ಎಂದುಕೊಂಡಿದ್ದ. “ದಿನಾ ಒಂದೆರಡು ಮಿನಿಟ ಚಾಲೂ ಮಾಡ್ತೇನಿ, ಬಿಡು. ಗಟ್ಟಿ ಇರ್ತೈತಿ.”

“ಯಪ್ಪಾ, ಕೈ ಮುಗೀತೇನಿ, ಮಾಡಬ್ಯಾಡ. ಎರಡು ಮಿನಿಟದಾಗ ಅದು ಬಿಸೀನ ಆಗಂಗಿಲ್ಲ. ಒಳಗ ಬೆವತು, ಆ ನೀರು ಅಲ್ಲೇ ನಿಂತು ಜಂಗು ಹಿಡೀತೈತಿ. ಹೊಸಾ ರಿಂಗ್ ಇನ್ನೂ ಹೊಂದಿ ಕುಂತಿಲ್ಲ.”

“ನೀ ಹುಟ್ಟೂಕಿಂತ ಮೊದಲಿಂದ ಎಂಜಿನ್ ತಿರುವೇನಿ ನಾ.”

“ಅದು ಪಂಪು! ತಾಸುಗಟ್ಟಲೆ ಓಡ್ತಿತ್ತು!”

“ಎಂಜಿನ್ ಅಂದ್ರ ಎಂಜಿನ್,” ಎಂದು ಪರಸಪ್ಪ ಎಲೆ ಅಡಿಕೆ ಹಾಕಿಕೊಂಡ. ಗೋಡೆಗಾದರೂ ಹೇಳಿದ್ದರೆ ತಿರುಗಿ ಮಾತಾಡುತ್ತಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ರೇಣುಕಾಳನ್ನು ಕತ್ತಲೆ ಕೋಣೆಗೆ ಹಾಕಿ, ತಲೆಗೆ ಅರಿವೆ ಸುತ್ತಿ, ಕಿವಿಗೆ ಅರಳಿ ಇಟ್ಟು, ಹೊಗೆ ಹಾಕಿದರು. ಅಮಾಸಿ ಬಂತು. ಶೇವಂತೆವ್ವ ಬಾಗಿಲಲ್ಲಿ ನಿಂತು ರಾಗ ತೆಗೆದಳು: “ಮನ್ಯಾಗ ಹಸಿಗೂಸು ಐತಿ. ಇಂಥಾ ದಿನ ಗಾಡಿ ಮೂಕ ನಿಂದ್ರಬಾರದವ್ವ. ಪೂಜಿ ಮಾಡಿ, ಒಮ್ಮೆ ಗುರ್ ಅನಿಸಿ, ನಿಂಬಿಕಾಯಿ ದಾಟಿಸಿದ್ರಾತು.”

“ಕುಂಕುಮ ಹಚ್ಚು, ಕಾಯಿ ಒಡಿ. ಚಾಲೂ ಮಾಡಬ್ಯಾಡ.”

“ಹೂಂ,” ಎಂದಳು ಶೇವಂತೆವ್ವ. ತಹಶೀಲ್ದಾರನ ‘ನೋಡೋಣ’ವನ್ನಾದರೂ ನಂಬಬಹುದು, ಶೇವಂತೆವ್ವನ ‘ಹೂಂ’ ನಂಬುವಂಥದ್ದಲ್ಲ.

ಸ್ವಲ್ಪ ಹೊತ್ತಿಗೆ ಅರಳಿ ತುಂಬಿದ ಕಿವಿಗೂ ಕೇಳಿಸಿತು: ಖರ್ರ್... ಖರ್ರ್... ಸೆಲ್ಫು ತಿರುಗುತ್ತಿದೆ. ಬ್ಯಾಟರಿ ಮನೆಯಲ್ಲೇ ಇದೆ, ಹಾಗಿದ್ದರೆ ಹೇಗೆ? ಕೂಸನ್ನು ಚಾಪೆಯ ಮೇಲೆ ಬಿಟ್ಟು ಎದ್ದು ಓಡಿದಳು. ಪಕ್ಕದ ಮನೆಯ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿಕೊಂಡು ಪರಸಪ್ಪ ಸೀಟಿನಲ್ಲಿ ಕೂತಿದ್ದ. ಗಾಲಿಗಳ ಕೆಳಗೆ ನಿಂಬೆಹಣ್ಣು. ಹಿಂದೆ ನಾಲ್ಕು ಮಂದಿ ತೋಳೇರಿಸಿ ನಿಂತಿದ್ದರು.

“ಎಣ್ಣಿ ಕುಡಿಸಿ ಕುಡಿಸಿ ಕೊಂದೀಯಲ್ಲ ಇದನ್ನ! ಹಿಡೀವಲ್ದು. ನೂಕಿದ್ರ ಹಿಡೀತೈತಿ,” ಎಂದ ಪರಸಪ್ಪ.

“ಬಾಯಾಗ ಅರಿವಿ ತುರುಕಿದ್ರ ನೀ ಮಾತಾಡ್ತೀಯೇನು? ಇಳಿ ಯಪ್ಪಾ.”

“ಅಯ್ಯ ಶಿವನ, ಬಾಣಂತಿ ಗಾಳ್ಯಾಗ ಬಂದಾಳ!” ಶೇವಂತೆವ್ವ ಆರತಿ ತಟ್ಟೆ ಹಿಡಿದೇ ಒದರಿದಳು.

“ನನಗ ಗಾಳಿ ಹತ್ತಿದ್ರ ಕಷಾಯ ಕುಡಿಸ್ತಿ. ಇದಕ್ಕ ಹತ್ತಿದ್ರ? ನಿನಗ ಸಪ್ಪಳ ಬೇಕು, ಹೌದಲ್ಲ? ತಗೋ.” ಕಿಟಕಿಯಿಂದ ಕೈ ಹಾಕಿ ಹಾರ್ನು ಒತ್ತಿ ಹಿಡಿದಳು. ಎಮ್ಮೆ ಹಗ್ಗ ಜಗ್ಗಿತು, ನಾಯಿಗಳು ಬೊಗಳಿದವು, ಒಳಗೆ ಕೂಸು ಕಿಟಾರನೆ ಕಿರುಚಿತು. “ಆತೇನು? ಅಮಾಸಿ ಆತೇನು?”

ಶೇವಂತೆವ್ವ ಆರತಿ ತಟ್ಟೆ ಕೆಳಗಿಟ್ಟು ಕಾಯಿ ಒಡೆದಳು. ನೂಕಲು ಬಂದವರು ಆ ಕಾಯಿಯ ಚೂರು ತಿಂದು ಹೋದರು. ರೇಣುಕಾ ತಂದೆಯನ್ನು ಇಳಿಸಿ, ಸೀಟು ಎತ್ತಿ, ಪ್ಲಗ್ಗಿನ ವೈರುಗಳನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಾನಾ ಹಾಕಿ ತಿರುಗಿಸಿದಳು. ಎಂಜಿನ್ ಎಲ್ಲೂ ಕಚ್ಚದೆ ತಿರುಗಿತು. ಪಾನಾವನ್ನು ಪರಸಪ್ಪನ ಕೈಗಿಟ್ಟಳು. “ಕೈ ಕಡೀತಿದ್ರ ತಿಂಗಳಿಗೊಮ್ಮೆ ಹಿಂಗ ತಿರುವು. ಕೀಲಿ ಮುಟ್ಟಬ್ಯಾಡ.”

ಕೂಸು ಮಗ್ಗಲು ಹೊರಳುವ ಹೊತ್ತಿಗೆ ರೇಣುಕಾ ಅರಿವೆಗಳನ್ನು ಕಿತ್ತು, ಬ್ಯಾಟರಿ ಜೋಡಿಸಿದಳು. ಮೊದಲು ವೈರು ಹಾಕದೆ ಸೆಲ್ಫು ತಿರುಗಿಸಿ ಎಣ್ಣೆ ಮೇಲೇರಿಸಿದಳು, ಆಮೇಲೆ ವೈರು ಸಿಕ್ಕಿಸಿ ಕೀಲಿ ಕೊಟ್ಟಳು. ಎಂಜಿನ್ ಹಿಡಿಯಿತು. ಅದರ ಹಿಂದೆಯೇ ಓಣಿ ತುಂಬ ದಟ್ಟ ಹೊಗೆ.

“ಹೋತು!” ಪರಸಪ್ಪ ಕಟ್ಟೆ ಮೇಲಿದ್ದವರಿಗೆಲ್ಲ ಕೇಳುವಂತೆ ಅಂದ. “ನಾ ಬಡಕೊಂಡೆ, ಕೇಳಲಿಲ್ಲ.”

“ಯಪ್ಪಾ, ಅದು ಪಿಸ್ಟನ್ ಮ್ಯಾಲೆ ಬಿಟ್ಟ ಎಣ್ಣಿ. ಸುಟ್ಟು ಹೋಗಾಕತ್ತೈತಿ.”

ಯಾರು ಕೇಳಬೇಕು? ರೇಣುಕಾ ಕೂಸನ್ನು ಶೇವಂತೆವ್ವನ ಮಡಿಲಿಗೆ ಹಾಕಿ ಗಾಡಿ ತೆಗೆದಳು. ಊರು ದಾಟುವಷ್ಟರಲ್ಲಿ ಹೊಗೆ ನಿಂತಿತ್ತು, ಎಂಜಿನ್ ಸಣ್ಣಗೆ ಸಮನಾಗಿ ಓಡುತ್ತಿತ್ತು. ಕ್ರಾಸಿನಲ್ಲಿ ಬದನೆಕಾಯಿ ಬುಟ್ಟಿಯ ಹೆಂಗಸೊಬ್ಬಳು ಕೈ ಮಾಡಿದಳು. ಸುದ್ದಿ ಗಾಡಿಗಿಂತ ಮೊದಲು ಬಂದಿತ್ತು.

“ನಿನ್ನ ಗಾಡಿ ಹೋತಂತಲ್ಲವ್ವ?”

“ಹತ್ತತಿಯೋ, ಅಲ್ಲೇ ನಿಂತು ಮಾತಾಡ್ತಿಯೋ?”

ಆಕೆ ಬುಟ್ಟಿ ಒಳಗೆ ನೂಕಿ ಹತ್ತಿದಳು.